ನೆಗಡಿಗೆ ಅರ್ಧ ಸಾಮು, ಜ್ವರಕ್ಕೆ ಪೂರ್ಣ ವಿರಾಮ

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪ್ರಾಣಕ್ಕೆ ಸಂಚಕಾರ ತರದ, ಆದರೆ ಮೂಗಿನ ಜೊತೆಗೆ ಮನಸ್ಸನ್ನೂ ಕೆಡಿಸುವ ಈ ಕಾಯಿಲೆ ಬಂದಾಗ, ದಿನವೂ ವ್ಯಾಯಾಮ ಮಾಡುವವರ ಮನೆಯಲ್ಲಿ ಸಣ್ಣದೊಂದು ಜಗಳ ಹುಟ್ಟುವುದುಂಟು. ಬೆಳಗಿನ ನಡಿಗೆಯನ್ನು ಬಿಡಲೊಲ್ಲದ ಯಜಮಾನರು ‘ಬೆವರಿದರೆ ನೆಗಡಿ ಇಳಿಯುತ್ತದೆ’ ಎನ್ನುತ್ತಾರೆ. ‘ಸುಮ್ಮನೆ ಹೊದ್ದು ಮಲಗಿ’ ಎನ್ನುತ್ತಾರೆ ಮನೆಯವರು. ಇಬ್ಬರ ಮಾತಿನ ಹಿಂದೆಯೂ ದೀರ್ಘ ಇತಿಹಾಸವಿದೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ವ್ಯಾಯಾಮವನ್ನು ಹೊಗಳಿದಷ್ಟೇ ಅದರ ಮಿತಿಯನ್ನೂ ಹೇಳಿವೆ. ಬಲವಂತನಾದವನು, ಜಿಡ್ಡಿನ ಆಹಾರ ಉಣ್ಣುವವನು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ವಾಗ್ಭಟನ ‘ಅಷ್ಟಾಂಗಹೃದಯ’ದ ಸೂಚನೆ. ಅರ್ಧ ಶಕ್ತಿಯನ್ನು ಅಳೆಯುವುದು ಹೇಗೆ? ಎದೆಯಲ್ಲಿರುವ ವಾಯು ಬಾಯಿಗೆ ಬಂದಾಗ ಎಂದು ಸುಶ್ರುತ ಗುರುತು ಕೊಡುತ್ತಾನೆ. ಎಂದರೆ, ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಗಿ ಬಂದಾಗ ಅರ್ಧ ಮುಗಿಯಿತೆಂದು ತಿಳಿಯಬೇಕು. ಗರಡಿಯಲ್ಲಿ ದಂಡ, ಬಸ್ಕಿ ಹೊಡೆದವರಿಗೆ ಈ ಗುರುತು ಹೊಸದೇನಲ್ಲ. ವ್ಯಾಯಾಮವನ್ನು ಬಿಡಬೇಕಾದವರ ಪಟ್ಟಿಯನ್ನೂ ಸುಶ್ರುತ ಕೊಟ್ಟಿದ್ದಾನೆ. ಅದರಲ್ಲಿ ಕೆಮ್ಮಿನವರಿದ್ದಾರೆ, ಉಬ್ಬಸದವರಿದ್ದಾರೆ. ಬರಿದೆ ಮೂಗು ಸೋರುವವರು ಇಲ್ಲ.

ಚರಕ ಇನ್ನೂ ನಿಷ್ಠುರ. ಹೊಸದಾಗಿ ಬಂದ ಜ್ವರದಲ್ಲಿ ಸ್ನಾನ, ಹಗಲುನಿದ್ದೆ, ಕೋಪ, ಬೀಸುಗಾಳಿ ಮುಂತಾದವುಗಳೊಂದಿಗೆ ವ್ಯಾಯಾಮವನ್ನೂ ಆತ ನಿಷೇಧಿಸುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಜ್ವರ ಬಿಟ್ಟ ಮೇಲೂ ಮೈಗೆ ಬಲ ಬರುವವರೆಗೆ ವ್ಯಾಯಾಮವಿರಲಿ, ಅಡ್ಡಾಡುವುದೂ ಕೂಡದು ಎನ್ನುತ್ತಾನೆ. ಇಷ್ಟು ದಿನ ಎಂಬ ಲೆಕ್ಕವನ್ನು ಅವನು ಕೊಟ್ಟಿಲ್ಲ. ಹಾಗೆಂದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗಬೇಕಾಗಿಲ್ಲ. ವೈರಾಣುವಿನ ಕಲ್ಪನೆ ಅವರಿಗಿರಲಿಲ್ಲ. ಇದ್ದದ್ದು ರೋಗಿಯನ್ನು ನೋಡಿ ನೋಡಿ ಪಡೆದ ತಿಳಿವಳಿಕೆ.

ನೆಗಡಿಯನ್ನು ಪ್ರಯೋಗಕ್ಕೆ ಒಡ್ಡುವ ಕೆಲಸ ವ್ಯವಸ್ಥಿತವಾಗಿ ನಡೆದದ್ದು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ. 1946ರಿಂದ 1989ರವರೆಗೆ ಅಲ್ಲಿದ್ದ ಸಾಮಾನ್ಯ ನೆಗಡಿ ಸಂಶೋಧನಾ ಘಟಕಕ್ಕೆ ಸ್ವಯಂಸೇವಕರು ಹತ್ತು ದಿನಗಳ ಮಟ್ಟಿಗೆ ಬಂದು ಉಳಿಯುತ್ತಿದ್ದರು. ಮೂಗಿಗೆ ಸೋಂಕಿನ ಹನಿ ಹಾಕಿಸಿಕೊಂಡು, ಸುತ್ತಲ ಬಯಲಿನಲ್ಲಿ ಇತರರಿಂದ ದೂರವಿದ್ದು ತಿರುಗಾಡುತ್ತಿದ್ದರು. ಕೆಲವರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದ್ದೂ ಉಂಟು. ಹಾಗೆ ನಿಂತವರಿಗೆ ನೆಗಡಿ ಹೆಚ್ಚಾಗಿ ಬರಲಿಲ್ಲ!

ವ್ಯಾಯಾಮದ ಪ್ರಶ್ನೆಗೆ ಉತ್ತರ ಅಮೆರಿಕದಿಂದ ಬಂತು. 1993ರಲ್ಲಿ ಒಕ್ಲಹೋಮದ ವೈದ್ಯ ರ‍್ಯಾಂಡಿ ಐಕ್ನರ್ ಕ್ರೀಡಾಪಟುಗಳಿಗಾಗಿ ಒಂದು ಸರಳ ಸೂತ್ರ ಹೇಳಿದರು. ತೊಂದರೆಯೆಲ್ಲ ಕತ್ತಿನಿಂದ ಮೇಲೆ, ಅಂದರೆ ಮೂಗು, ಸೀನು, ಗಂಟಲು ಕೆರೆತಕ್ಕೆ ಸೀಮಿತವಾಗಿದ್ದರೆ ಅರ್ಧ ವೇಗದಲ್ಲಿ ಹತ್ತು ನಿಮಿಷ ಮಾಡಿ ನೋಡಿ, ಹಿತವೆನಿಸಿದರೆ ಮುಂದುವರಿಸಿ. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಬಿಟ್ಟುಬಿಡಿ. ಇಲ್ಲಿಯೂ ಅದೇ ಅರ್ಧ! 1998ರಲ್ಲಿ ಥಾಮಸ್ ವೈಡ್ನರ್ ಮತ್ತು ಸಂಗಡಿಗರು 50 ಯುವಜನರಿಗೆ ನೆಗಡಿಯ ವೈರಾಣು ಹಾಕಿ, ಅವರಲ್ಲಿ 34 ಮಂದಿಗೆ ದಿನ ಬಿಟ್ಟು ದಿನ 40 ನಿಮಿಷ ವ್ಯಾಯಾಮ ಮಾಡಿಸಿದರು. ಸುಮ್ಮನೆ ಕುಳಿತ 16 ಮಂದಿಗೂ ಇವರಿಗೂ ನೆಗಡಿಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆವರಿನಿಂದ ನೆಗಡಿ ಇಳಿಯಲೂ ಇಲ್ಲ, ಏರಲೂ ಇಲ್ಲ. ಯಜಮಾನರೂ ಮನೆಯವರೂ ಇಲ್ಲಿ ಸಮ ಸಮ. ಆದರೆ ಪರೀಕ್ಷೆಗೆ ಒಳಗಾದವರು ಆರೋಗ್ಯವಂತ ತರುಣರು, ಕಾಯಿಲೆ ಸೌಮ್ಯವಾದದ್ದು ಎಂಬುದನ್ನು ಮರೆಯಬಾರದು.

ಜ್ವರದ ಮಾತು ಬೇರೆ. ಜ್ವರ, ಮೈಕೈ ನೋವು ಬಂದವೆಂದರೆ ಉಪದ್ರವ ಮೂಗಿನಲ್ಲೇ ಉಳಿದಿಲ್ಲವೆಂದು ಅರ್ಥ. ಕಾಕ್ಸಾಕಿ ಎಂಬ ಗುಂಪಿನ ಕೆಲವು ವೈರಾಣುಗಳು ಗಂಟಲು ನೋವಿನಿಂದ ಆರಂಭಿಸಿ ಹೃದಯದ ಸ್ನಾಯುವನ್ನೂ ಮುಟ್ಟಬಲ್ಲವು. 1970ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಸೋಂಕು ತಗುಲಿದ ಇಲಿಮರಿಗಳನ್ನು ನೀರಿನಲ್ಲಿ ಈಜಿಸಿದರು. ಈಜಿದವುಗಳ ಹೃದಯದಲ್ಲಿ ವೈರಾಣು ಹೇರಳವಾಗಿ ಬೆಳೆದು, ಸುಮ್ಮನಿದ್ದವುಗಳಿಗಿಂತ ಹೆಚ್ಚು ಮರಿಗಳು ಸತ್ತವು.

ಮನುಷ್ಯರ ಮೇಲೆ ಇಂಥ ಪ್ರಯೋಗವನ್ನು ಯಾರೂ ಮಾಡಲಾರರು. ಆದರೆ ಸ್ವೀಡನ್ನಿನಲ್ಲಿ ನಡೆದುದು ಎಲ್ಲರನ್ನೂ ಬೆಚ್ಚಿಬೀಳಿಸಿತು. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟಿಯರಿಂಗ್ ಅಲ್ಲಿನ ಜನಪ್ರಿಯ ಕ್ರೀಡೆ. 1979ರಿಂದ 1992ರ ನಡುವೆ ಈ ಕ್ರೀಡೆಯ 16 ಮಂದಿ ಯುವ ಓಟಗಾರರು ಹಠಾತ್ತನೆ ಹೃದಯ ನಿಂತು ಸತ್ತರು. ಹಲವರ ಹೃದಯದ ಸ್ನಾಯುವಿನಲ್ಲಿ ಉರಿಯೂತದ ಗುರುತುಗಳಿದ್ದವು. ಸೋಂಕಿನ ಮೇಲೆ ಅನುಮಾನ ಬಲವಾಯಿತು. ಯಾವ ಸೋಂಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಚರ್ಚೆ ಮುಗಿಯುವವರೆಗೆ ಕಾಯದೆ, 1992ರ ನವೆಂಬರಿನಲ್ಲಿ ದೇಶದ ಅಗ್ರ ಓಟಗಾರರ ಅಭ್ಯಾಸ, ಸ್ಪರ್ಧೆಗಳನ್ನು ಆರು ತಿಂಗಳು ನಿಲ್ಲಿಸಲಾಯಿತು. ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಕಾಡಿಗೆ ಇಳಿದರು. ಆನಂತರದ ಮೂರು ವರ್ಷ ಆ ಕ್ರೀಡೆಯ ಯುವಕರಲ್ಲಿ ಅಂಥ ಒಂದು ಸಾವೂ ವರದಿಯಾಗಲಿಲ್ಲ.