ತೊಲೆಯ ಮೇಲಿನ ಧೂಳು

ಕೊಂದು, ಹೆಣವನ್ನು ನೇತುಹಾಕಿ, ‘ಪಾಪ, ಏನು ಬೇಜಾರಿತ್ತೋ’ ಎಂದು ಊರವರ ಜೊತೆ ತಾನೂ ಕಣ್ಣೀರು ಹಾಕುವ ಉಪಾಯ ಬಹಳ ಹಳೆಯದು. ಅದನ್ನು ಹಿಡಿಯುವ ವಿದ್ಯೆಯೂ ಅಷ್ಟೇ ಹಳೆಯದು. ಈ ವಿದ್ಯೆಗೆ ನಮ್ಮ ದೇಶದಲ್ಲಿ ಸಿಕ್ಕಿರುವ ಹಳೆಯ ಪಾಠವೊಂದು ಮತ್ತೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ತಾಳೆಗರಿ ಕಟ್ಟೊಂದನ್ನು ಒಪ್ಪಿಸಿ ಹೋದರು. ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಆ ಪುಸ್ತಕದಲ್ಲಿ ಎಲ್ಲರೂ ರಾಜನೀತಿ, ಗೂಢಚಾರಿಕೆ, ತೆರಿಗೆ ಹುಡುಕುತ್ತಾರೆ. ಠಾಣೆ, ಮಾರ್ಚುರಿ, ಕೋರ್ಟು ಸುತ್ತುತ್ತಲೇ ತಲೆ ನರೆಸಿಕೊಂಡ ನನ್ನಂಥ ಕ್ರೈಂ ವರದಿಗಾರನ ಕೈ ಹೋಗುವುದು ನಾಲ್ಕನೆಯ ಅಧಿಕರಣದ ಏಳನೆಯ ಅಧ್ಯಾಯಕ್ಕೆ. ಅದು ಆಶುಮೃತಕ ಪರೀಕ್ಷೆ, ಅಂದರೆ ಹಠಾತ್ತನೆ ಸತ್ತವರ ಪರೀಕ್ಷೆ.

ಹೆಣಕ್ಕೆ ಎಣ್ಣೆ ಸವರಿ ನೋಡು ಎಂದು ಅಧ್ಯಾಯ ಶುರುವಾಗುತ್ತದೆ. ಮಲಮೂತ್ರ ಹೊರಬಂದು, ಹೊಟ್ಟೆ ಉಬ್ಬಿ, ಕೈಕಾಲು ಊದಿ, ಕಣ್ಣು ತೆರೆದೇ ಇದ್ದು, ಕತ್ತಿನಲ್ಲಿ ಗುರುತಿದ್ದರೆ ಉಸಿರು ಕಟ್ಟಿಸಿ ಕೊಂದದ್ದು. ನಾಲಗೆ ಕಚ್ಚಿಕೊಂಡು ಹೊಟ್ಟೆ ಊದಿದ್ದರೆ ನೀರಿನ ಸಾವು. ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಇದ್ದರೆ ವಿಷ. ಇಷ್ಟಕ್ಕೇ ಕೌಟಿಲ್ಯ ನಿಲ್ಲುವುದಿಲ್ಲ. ಕೊಂದ ಮೇಲೆ ನೇತುಹಾಕಿದವನಿಗೆ ‘ಹತೋದ್ಬದ್ಧ’ ಎಂದು ಬೇರೆಯೇ ಹೆಸರಿಟ್ಟು, ವಿಷದ ಸಾವಿನಲ್ಲಿ ಮಾಡುವ ವಿಚಾರಣೆಯನ್ನೇ ಇಲ್ಲೂ ಮಾಡು ಅನ್ನುತ್ತಾನೆ. ಸತ್ತವನ ಕೈಯಲ್ಲಿ ಏಟು, ಬೈಗುಳ ತಿಂದ ಆಳು ಯಾರು? ಆಸ್ತಿಯ ಮೇಲೆ ಕಣ್ಣಿಟ್ಟ ದಾಯಾದಿ ಯಾರು? ಕಸುಬಿನಲ್ಲಿ ಪೈಪೋಟಿ, ವ್ಯಾಪಾರದ ಜಗಳ, ನ್ಯಾಯಾಲಯದ ವ್ಯಾಜ್ಯ ಇತ್ತೇ? ಸ್ವತಃ ನೇಣು ಹಾಕಿಕೊಂಡವನ ವಿಷಯದಲ್ಲೂ, ಅವನಿಗೆ ಯಾರಿಂದ ಏನು ಅನ್ಯಾಯವಾಗಿತ್ತು ಎಂದು ಹುಡುಕಬೇಕು. ಇವತ್ತಿನ ಒಳ್ಳೆಯ ಇನ್‌ಸ್ಪೆಕ್ಟರ್ ಕೇಳುವ ಪ್ರಶ್ನೆಗಳು ಇದಕ್ಕಿಂತ ಹೆಚ್ಚೇನಿಲ್ಲ.

ಅದೇ ಅಧ್ಯಾಯದ ಕೊನೆಗೆ ಕ್ರೂರವಾದ ಮಾತೊಂದಿದೆ. ಕಾಮಕ್ಕೋ ಕ್ರೋಧಕ್ಕೋ ಸಿಕ್ಕಿ ಆತ್ಮಹತ್ಯೆ ಮಾಡಿಕೊಂಡವನ ದೇಹವನ್ನು ಹಗ್ಗ ಕಟ್ಟಿ ರಾಜಬೀದಿಯಲ್ಲಿ ಎಳೆಸಬೇಕು, ಅವನಿಗೆ ಸಂಸ್ಕಾರ ಕೂಡದು. ಇಂಗ್ಲೆಂಡಿನಲ್ಲೂ ಆತ್ಮಹತ್ಯೆ ಮಾಡಿಕೊಂಡವನ ಚರಾಸ್ತಿ ರಾಜನ ಪಾಲಾಗುವ ಕಾನೂನು 1870ರವರೆಗೆ ಇತ್ತು. ಅಂದರೆ ಸಾವಿಗೆ ‘ಆತ್ಮಹತ್ಯೆ’ ಎಂಬ ಹೆಸರು ಬಿದ್ದರೆ ಅದರಿಂದ ಕೆಲವರಿಗೆ ನಷ್ಟ, ಕೆಲವರಿಗೆ ಲಾಭ. ಮರ್ಯಾದೆಗೆ ಅಂಜಿ ಆತ್ಮಹತ್ಯೆಯನ್ನು ‘ಹಾರ್ಟ್ ಅಟ್ಯಾಕ್’ ಮಾಡುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊಲೆಯನ್ನು ಆತ್ಮಹತ್ಯೆ ಮಾಡುವವನು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆಯುತ್ತಾನೆ, ಅಷ್ಟೆ.

ಹೆಣ ನೋಡುವ ಈ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದವನು ಚೀನಾದ ಸೊಂಗ್ ತ್ಸ ಎಂಬ ನ್ಯಾಯಾಧಿಕಾರಿ. ಅನ್ಯಾಯವನ್ನು ತೊಳೆಯುವುದು ಎಂಬ ಅರ್ಥದ ಹೆಸರಿಟ್ಟು 1247ರಲ್ಲಿ ಅವನು ಬರೆದ ಕೈಪಿಡಿಯನ್ನು ಅಲ್ಲಿನ ಅಧಿಕಾರಿಗಳು ಶತಮಾನಗಳ ಕಾಲ ಹೆಣ ನೋಡಲು ಹೋಗುವಾಗ ಜೊತೆಗೆ ಒಯ್ದರು. ಮೊದಲು ಹಗ್ಗವನ್ನು ಕೋಲಿನಿಂದ ಮೆತ್ತಗೆ ತಟ್ಟು ಅನ್ನುತ್ತಾನೆ. ಬಿಗಿಯಾಗಿದ್ದರೆ ಸರಿ, ಸಡಿಲವಿದ್ದರೆ ಹೆಣವನ್ನು ಬೇರೆ ಕಡೆಯಿಂದ ತಂದಿರಬಹುದು. ಆಮೇಲೆ ತೊಲೆಯ ಮೇಲಿನ ಧೂಳು ನೋಡು. ಜೀವ ಇದ್ದವನು ಒದ್ದಾಡುವುದರಿಂದ ಧೂಳು ಹತ್ತು ಕಡೆ ಕದಡಿರುತ್ತದೆ. ಒಂದೇ ಒಂದು ಗೆರೆಯಲ್ಲಿ ಅಳಿಸಿದ್ದರೆ ಅನುಮಾನಪಡು.

ನನಗೆ ಈ ಧೂಳಿನ ಪಾಠ ಹೇಳಿಕೊಟ್ಟವರು ಚೀನಾದ ಹೆಸರನ್ನೇ ಕೇಳದ ಒಬ್ಬ ಸಬ್ ಇನ್‌ಸ್ಪೆಕ್ಟರು. ಮಂಡ್ಯ ಕಡೆಯವರು, ಕಾನ್‌ಸ್ಟೇಬಲ್ ಆಗಿ ಸೇರಿ ಮೇಲೆ ಬಂದವರು. ನಂಜನಗೂಡು ಹತ್ತಿರದ ಒಂದು ಹಳ್ಳಿಯ ಹೆಂಚಿನ ಮನೆ. ಅಂಗಳದ ತುಂಬ ಜನ, ಒಳಗೆ ಅಳು. ನಾನು ಬಾಗಿಲಲ್ಲಿ ನೋಟ್‌ಬುಕ್ ತೆಗೆಯುತ್ತಿದ್ದೆ. ಅವರು ಪಕ್ಕದ ಮನೆಯಿಂದ ಏಣಿ ತರಿಸಿ, ಟಾರ್ಚು ಹಿಡಿದು ಹತ್ತಿದರು. “ಬನ್ನಿ ಸ್ವಾಮಿ, ಹೆಣ ಆಮ್ಯಾಕೆ ನೋಡೀರಂತೆ, ಮೊದ್ಲು ಮ್ಯಾಲೆ ನೋಡಿ” ಅಂದರು. ತೊಲೆಯ ಮೇಲೆ ಬೆರಳು ದಪ್ಪ ಧೂಳು. ಹಗ್ಗ ಜಾರಿದ ಜಾಗದಲ್ಲಿ ಮಾತ್ರ ನೇರವಾದ ಒಂದು ಗೆರೆ. ಇಳಿದವರೇ ಮನೆಯವರನ್ನು ಕೇಳಿದ ಮೊದಲ ಪ್ರಶ್ನೆ, “ಈ ಸ್ಟೂಲು ಯಾವ ಕೋಣೇದು?”

ಅಷ್ಟರಲ್ಲಿ ಠಾಣೆಯ ರೈಟರು ಜಗಲಿಯಲ್ಲಿ ಕೂತು ಅರ್ಧ ಕಾಗದ ಬರೆದಾಗಿತ್ತು. ಜೀವನದಲ್ಲಿ ಜಿಗುಪ್ಸೆ ಎಂಬಲ್ಲಿಗೆ ಬಂದಿತ್ತು. “ಕಾರಣದ ಜಾಗ ಖಾಲಿ ಬುಡಪ್ಪ, ಅದ ಡಾಕ್ಟ್ರು ಹೇಳ್ಲಿ” ಎಂದರು ಇವರು. ಮಾರ್ಚುರಿಯಲ್ಲಿ ಡಾಕ್ಟರು ಹೇಳಿದ್ದೂ ಧೂಳು ಹೇಳಿದ್ದನ್ನೇ. ಕತ್ತಿನ ಗುರುತು ಎರಡು. ಒಂದು ಅಡ್ಡಕ್ಕೆ ಸುತ್ತ ಬಂದದ್ದು, ಇನ್ನೊಂದು ಓರೆಯಾಗಿ ಮೇಲಕ್ಕೆ ಹೋದದ್ದು. ರಕ್ತ ಇಳಿದು ಕಟ್ಟಿಕೊಂಡದ್ದು ಕಾಲಿನ ಕಡೆಗಲ್ಲ, ಬೆನ್ನಿನಲ್ಲಿ. ಮಲಗಿಸಿದ ಹೆಣವನ್ನು ಆಮೇಲೆ ಮೇಲಕ್ಕೆ ಎಳೆದಿದ್ದರು. ದಾಯಾದಿ ಜಗಳ ಹೊರಬಂತು, ಚಾರ್ಜ್‌ಶೀಟ್ ಆಯಿತು. ಆದರೆ ಕೋರ್ಟಿನಲ್ಲಿ, ಠಾಣೆಯ ಕಾಗದಕ್ಕೆ ಸಾಕ್ಷಿ ಹಾಕಿದ್ದ ಪಂಚರಿಬ್ಬರೂ ಕಟಕಟೆ ಹತ್ತಿ, ತಮ್ಮಿಂದ ಬರೇ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ತಾವು ಏನೂ ನೋಡಿಲ್ಲ ಅಂದುಬಿಟ್ಟರು. ಆರೋಪಿಗಳು ಬಿಡುಗಡೆಯಾದರು. ಇಷ್ಟು ಚೊಕ್ಕವಾಗಿ ಹಿಡಿದ ಕೇಸು ಬಿದ್ದದ್ದು ಧೂಳಿನ ವಿದ್ಯೆ ಸುಳ್ಳಾಗಿ ಅಲ್ಲ, ಅದನ್ನು ಬರೆದಿಟ್ಟ ಕಾಗದಕ್ಕೆ ಬೆಲೆ ಇಲ್ಲವಾಗಿ.

ಆ ಕಾಗದಕ್ಕೂ ಒಂದು ಇತಿಹಾಸ ಇದೆ. ಇಂಗ್ಲೆಂಡಿನಲ್ಲಿ 1194ರಿಂದ ಅನುಮಾನದ ಸಾವನ್ನು ವಿಚಾರಿಸಲು ಕರೋನರ್ ಎಂಬ ಅಧಿಕಾರಿ ಇದ್ದ. ಬ್ರಿಟಿಷರು ಅವನನ್ನು ಕಲ್ಕತ್ತಾ, ಬೊಂಬಾಯಿಯಂಥ ನಗರಗಳಿಗೂ ಕೊಟ್ಟು, 1871ರಲ್ಲಿ ಅದಕ್ಕೊಂದು ಕಾಯ್ದೆ ಮಾಡಿದರು. ಅಲ್ಲಿ ಪೊಲೀಸರಿಂದ ಬೇರೆಯಾದ ಅಧಿಕಾರಿ ಸಾಕ್ಷಿ ಕೇಳಿ, ಜೂರಿ ಕೂಡಿಸಿ ತೀರ್ಮಾನ ಹೇಳುತ್ತಿದ್ದ. ಉಳಿದ ದೇಶಕ್ಕೆ ಸಿಕ್ಕಿದ್ದು ಅಗ್ಗದ ಏರ್ಪಾಟು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಹಳ್ಳಿಯ ಮುಖ್ಯಸ್ಥ ಅಸಹಜ ಸಾವಿನ ಸುದ್ದಿ ಮುಟ್ಟಿಸಬೇಕು. 174ನೆಯ ಕಲಮಿನ ಪ್ರಕಾರ ಠಾಣಾಧಿಕಾರಿ ಸ್ಥಳಕ್ಕೆ ಹೋಗಿ, ಅಕ್ಕಪಕ್ಕದ ಕನಿಷ್ಠ ಇಬ್ಬರು ಮರ್ಯಾದಸ್ಥರ ಎದುರು ಗಾಯ, ತರಚು, ಗುರುತುಗಳನ್ನೆಲ್ಲ ಬರೆದು, ಮೇಲ್ನೋಟಕ್ಕೆ ಕಾಣುವ ಸಾವಿನ ಕಾರಣ ತಿಳಿಸಬೇಕು. 1973ರ ಸಂಹಿತೆಯಲ್ಲೂ ಅದೇ ಕಲಮು, ಅದೇ ಸಂಖ್ಯೆ ಉಳಿಯಿತು.

ಆ ‘ಮರ್ಯಾದಸ್ಥರು’ ಬರಬರುತ್ತಾ ಯಾರಾದರು ಎಂದು ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ತಿಳಿಯುತ್ತದೆ. ಕರೆದಾಗ ಬರುವ, ತೋರಿಸಿದಲ್ಲಿ ಸಹಿ ಹಾಕುವ ಖಾಯಂ ಪಂಚರು ಪ್ರತಿ ಠಾಣೆಗೂ ಇರುತ್ತಾರೆ. ‘ಮೇಲ್ನೋಟಕ್ಕೆ’ ಎಂಬ ಮಾತು ಕಾನೂನಿನಲ್ಲಿ ಎಚ್ಚರಿಕೆಯಾಗಿ ಬಂದದ್ದು, ಠಾಣೆಯಲ್ಲಿ ತೀರ್ಪಾಗಿ ಕೂತಿತು. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಒಂದು ನಂಬರು ಪಡೆದು ಕಡತಕ್ಕೆ ಸೇರಿದರೆ ಅದನ್ನು ಮತ್ತೆ ತೆರೆಸುವುದು ಸಣ್ಣ ಕೆಲಸವಲ್ಲ.

ಜ್ಞಾನದ ಕೊರತೆ ಯಾವತ್ತೂ ಇರಲಿಲ್ಲ. ಬಂಗಾಳದ ಸರ್ಜನ್ ನಾರ್ಮನ್ ಚೀವರ್ಸ್ 1856ರಲ್ಲೇ ಈ ದೇಶದ ಅಪಮೃತ್ಯುಗಳ ಮೇಲೆ ದಪ್ಪ ಪುಸ್ತಕ ಬರೆದಿದ್ದ. ಆಸ್ಟ್ರಿಯಾದ ಹಾನ್ಸ್ ಗ್ರೋಸ್‌ನ ತನಿಖಾ ಕೈಪಿಡಿ ಇಂಗ್ಲಿಷಿಗೆ ಬಂದದ್ದು ಮದರಾಸಿನಲ್ಲಿ, 1906ರಲ್ಲಿ, ಭಾರತದ ಪೊಲೀಸರಿಗೆ ಒಗ್ಗುವಂತೆ ತಿದ್ದಿಕೊಂಡು. 1920ರಲ್ಲಿ ಬಂದ ಜೈಸಿಂಗ್ ಮೋದಿಯವರ ನ್ಯಾಯವೈದ್ಯಕೀಯ ಪುಸ್ತಕ ಇವತ್ತಿಗೂ ವಕೀಲರ ಮೇಜಿನ ಮೇಲಿದೆ.

ಇನ್ನು ನನ್ನ ಕಸುಬಿನ ಕಡೆಯ ಮಾತು. ಠಾಣೆಯ ಕಾಗದ ಸಂಜೆ ಪತ್ರಿಕಾ ಪ್ರಕಟಣೆಯಾಗಿ ಬರುತ್ತದೆ, ಬೆಳಿಗ್ಗೆ ಒಳಪುಟದಲ್ಲಿ ನಾಲ್ಕು ಸಾಲಾಗುತ್ತದೆ. ಕನ್ನಡ ಪತ್ರಿಕೆ ಓದುವ ಎಲ್ಲರಿಗೂ ಆ ನಾಲ್ಕು ಸಾಲು ಬಾಯಿಪಾಠ. ಹೊಟ್ಟೆನೋವು ತಾಳಲಾರದೆ, ಸಾಲಬಾಧೆ ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು. ಅಲ್ಲಿಗೆ ಪೊಲೀಸರ ‘ಮೇಲ್ನೋಟ’ ಊರಿನ ಸತ್ಯವಾಗುತ್ತದೆ. ಸತ್ತವಳ ತವರಿನವರು ತಿಂಗಳಾದ ಮೇಲೆ ದೂರು ಕೊಟ್ಟರೆ, ಆಗಲೇ ಪೇಪರಿನಲ್ಲೇ ಬಂದಿದೆಯಲ್ಲ ಎಂಬ ಉತ್ತರ ಸಿಗುತ್ತದೆ.

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಈ ಸಾಲುಗಳ ಹಿಂದಕ್ಕೆ ಹೋದರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕೂತರು, ಸತ್ತ ಹೆಂಗಸರ ಬಂಧುಗಳನ್ನು ಮಾತಾಡಿಸಿದರು, ಪೊಲೀಸರ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿದರು. ‘ಸ್ಟೌ ಸಿಡಿದು’ ಆದ ಅಪಘಾತಗಳೂ ‘ಹೊಟ್ಟೆನೋವಿನ’ ಆತ್ಮಹತ್ಯೆಗಳೂ ಹೊಸದಾಗಿ ಮದುವೆಯಾದವರ ಮನೆಗಳಲ್ಲೇ ಏಕೆ ಇಷ್ಟು ಎಂಬ ಪ್ರಶ್ನೆ ಆಗ ಗಟ್ಟಿಯಾಗಿ ಕೇಳಿಸಿತು. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಸತ್ತರೆ ವಿಶೇಷ ಎಚ್ಚರ ವಹಿಸಬೇಕೆಂದು 1983ರಲ್ಲೇ 174ನೆಯ ಕಲಮಿಗೆ ತಿದ್ದುಪಡಿ ಬಂದಿತ್ತು. ಕಾನೂನು ಇತ್ತು, ಅದನ್ನು ಬಳಸುವಂತೆ ಬೆನ್ನುಬೀಳುವವರು ಬೇಕಿತ್ತು.

ಪತ್ತೇದಾರ ಮತ್ತು ಪತ್ರಕರ್ತ ಇಬ್ಬರೂ ಒಬ್ಬರಿಗೊಬ್ಬರು ಬೇಕಾಗುವುದು ಇಲ್ಲೇ. ಪೊಲೀಸರು ಹೋಗುವುದು ಮೊದಲ ದಿನ. ಆವತ್ತು ಯಾರೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ, ಮಾತಾಡಿದರೂ ಹಿರಿಯರು ಕಣ್ಣಲ್ಲೇ ಸುಮ್ಮನಿರಿಸುತ್ತಾರೆ. ನಮ್ಮ ಕಡೆ ಹನ್ನೊಂದನೆಯ ದಿನ ತಿಥಿ. ಊಟ ಬಡಿಸುವಾಗ, ಎಲೆ ಎತ್ತುವಾಗ, ಸೋದರತ್ತೆಯೋ ನಾದಿನಿಯೋ ಒಂದು ಮಾತು ಜಾರಿಸುತ್ತಾರೆ. ನಾನು ನನ್ನ ಸಬ್ ಇನ್‌ಸ್ಪೆಕ್ಟರಿಗೆ ಅದನ್ನು ತಂದು ಮುಟ್ಟಿಸುತ್ತಿದ್ದೆ. ಅವರು ನನಗೆ ಪೋಸ್ಟ್‌ಮಾರ್ಟಂ ವರದಿಯನ್ನು ಹೇಗೆ ಓದಬೇಕೆಂದು ಹೇಳಿಕೊಡುತ್ತಿದ್ದರು.

ಈ ಜೋಡಿ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಕೇರಳದ ಸಿಸ್ಟರ್ ಅಭಯಾ ಪ್ರಕರಣ ಸಾಕ್ಷಿ. 1992ರ ಮಾರ್ಚ್ 27ರಂದು ಕೊಟ್ಟಾಯಂನ ಕಾನ್ವೆಂಟ್ ಒಂದರ ಬಾವಿಯಲ್ಲಿ ಅವರ ಶವ ಸಿಕ್ಕಿತು. ಚಪ್ಪಲಿ ಅಡುಗೆಮನೆಯಲ್ಲಿ ಉಳಿದಿತ್ತು. ಸ್ಥಳೀಯ ಪೊಲೀಸರೂ ಕ್ರೈಂ ಬ್ರಾಂಚೂ ಆತ್ಮಹತ್ಯೆ ಎಂದವು. 1993ರಲ್ಲಿ ಕೇಸು ಸಿಬಿಐಗೆ ಹೋಯಿತು. ಕೊಲೆ ಎಂಬ ನಿಲುವಿಗೆ ಬಂದ ಅಲ್ಲಿನ ಡಿವೈಎಸ್ಪಿ ವರ್ಗೀಸ್ ಪಿ. ಥಾಮಸ್ ಸ್ವಯಂ ನಿವೃತ್ತಿ ಪಡೆದು, 1994ರಲ್ಲಿ ಪತ್ರಕರ್ತರನ್ನು ಕರೆದು, ಆತ್ಮಹತ್ಯೆ ಎಂದು ಬರೆಯಲು ಮೇಲಿನಿಂದ ಒತ್ತಡ ಇತ್ತು ಎಂದು ಬಹಿರಂಗವಾಗಿ ಹೇಳಿದರು. ಆ ಮೇಲೆ ಪತ್ರಿಕೆಗಳು ಅದನ್ನು ಬಿಡಲಿಲ್ಲ, ಕೇಸು ಮುಚ್ಚಲು ಸಿಬಿಐ ಮತ್ತೆ ಮತ್ತೆ ಕೇಳಿದರೂ ಕೋರ್ಟು ಒಪ್ಪಲಿಲ್ಲ. 2007ರಲ್ಲಿ ಶಂಕಿತರನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೆ ಕರೆತಂದರು. ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪು ಕೊಟ್ಟದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ. ಅಭಯಾ ಪ್ರಕರಣದಲ್ಲಿ ಕೊನೆಗೆ ಮುಖ್ಯವಾಗಿ ನಿಂತ ಸಾಕ್ಷಿ ಯಂತ್ರದ್ದೂ ಔಷಧದ್ದೂ ಅಲ್ಲ, ಆ ರಾತ್ರಿ ಕಾನ್ವೆಂಟಿಗೆ ಕದಿಯಲು ನುಗ್ಗಿದ್ದ ಕಳ್ಳನೊಬ್ಬನದು. 2020ರ ಡಿಸೆಂಬರಿನಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ಮೇಲ್ಮನವಿಯಲ್ಲಿ ಹೈಕೋರ್ಟು 2022ರಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮೊದಲ ಕಾಗದದಿಂದ ಮೊದಲ ತೀರ್ಪಿಗೆ 28 ವರ್ಷ.

ಹಾಗೆಂದು ಪ್ರತಿ ನೇಣಿನ ಹಿಂದೆ ಕೊಲೆಗಾರನನ್ನು ಕಾಣುವುದೂ ಕ್ರೌರ್ಯವೇ. ಬಹುಪಾಲು ಆತ್ಮಹತ್ಯೆಗಳು ಆತ್ಮಹತ್ಯೆಗಳೇ. ಮಗನನ್ನು ಕಳೆದುಕೊಂಡ ತಂದೆಯನ್ನು ಟಿವಿ ಕ್ಯಾಮೆರಾ ಮುಂದೆ ಶಂಕಿತನನ್ನಾಗಿ ನಿಲ್ಲಿಸುವುದು ತನಿಖೆಯಲ್ಲ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬೇಡಿ, ರೋಚಕ ಮಾಡಬೇಡಿ ಎಂದು 2019ರಲ್ಲಿ ಪ್ರೆಸ್ ಕೌನ್ಸಿಲ್ ಹೇಳಿದ್ದು ಸರಿಯಾಗಿಯೇ ಇದೆ. ಕೇಳುವುದು ಬೇರೆ, ಅಚ್ಚು ಹಾಕುವುದು ಬೇರೆ. ನೂರು ಪ್ರಶ್ನೆ ಕೇಳಿ ನಾಲ್ಕೇ ಸಾಲು ಬರೆಯಬಹುದು. ಆ ನಾಲ್ಕು ಸಾಲಿನಲ್ಲಿ, ಗೊತ್ತಿಲ್ಲದ ಕಾರಣವನ್ನು ಬರೆಯದಿದ್ದರಾಯಿತು.

2024ರ ಜುಲೈ 1ರಿಂದ 174ನೆಯ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಆಗಿದೆ. ಅದೇ ಸಂಹಿತೆಯ 176ನೆಯ ಕಲಮಿನ ಪ್ರಕಾರ, ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಆಗಬೇಕು. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯದೇ. ಆದರೆ ಯುಡಿಆರ್ ಅಪರಾಧವಲ್ಲ. ಹಂತಕ ತನ್ನ ನಾಟಕವನ್ನು ಚೆನ್ನಾಗಿ ಆಡಿ, ರೈಟರು ಜಗಲಿಯಲ್ಲೇ ಕಾರಣ ಬರೆದು ಮುಗಿಸಿದರೆ, ಕಾನೂನು ಕಳಿಸಬೇಕೆಂದ ತಜ್ಞರ ಗಾಡಿ ಪ್ರಯೋಗಾಲಯದಿಂದ ಹೊರಡುವುದೇ ಇಲ್ಲ. ಕೊಲೆ ಎಂದು ಗೊತ್ತಾದ ಮೇಲೆ ಬರುವ ತಜ್ಞರಿಗಿಂತ, ಕೊಲೆಯೋ ಅಲ್ಲವೋ ಗೊತ್ತಿಲ್ಲದಾಗ ಬರುವ ತಜ್ಞರು ಹೆಚ್ಚು ಬೇಕು. ಅಸಹಜ ಸಾವಿನ ಪ್ರತಿ ಕರೆಗೂ ಆ ಗಾಡಿ ಹೊರಡಲಿ, ಪಂಚರ ಸಹಿಗೆ ಮುಂಚೆ ವಿಡಿಯೊ ಆಗಲಿ, ಕಾರಣದ ಜಾಗ ಡಾಕ್ಟರ ವರದಿ ಬರುವವರೆಗೆ ಖಾಲಿ ಇರಲಿ. ಇದಕ್ಕೆ ಹೊಸ ವಿಜ್ಞಾನ ಬೇಡ, ಹೊಸ ಕಲಮೂ ಬೇಡ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು.