ಪೆಟ್ಟಿಗೆಗೆ ಮುಂಚೆಯೇ ಮುಗಿಯುವ ಚುನಾವಣೆ

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಅರೇಬಿಕಾ ಕುಯ್ಲಿನ ಕಾಲ. ಕಣದ ತುಂಬ ಹಣ್ಣು, ಮೋಡ ಕವಿದರೆ ಎದೆ ಢವಢವ, ಕುಯ್ಯಲು ಆಳಿಲ್ಲ. ಇಂಥ ಹೊತ್ತಿನಲ್ಲಿ ‘ಊರೊಳಗೆ ಪಾರ್ಟಿ ಬೇಡ, ಒಬ್ಬರನ್ನೇ ಮಾಡಿಬಿಡೋಣ’ ಎಂಬ ಮಾತು ದೊಡ್ಡವರ ಜಗಲಿಯಿಂದ ಹೊರಟರೆ ಎದುರಾಡುವುದು ಸುಲಭವಲ್ಲ. ನಾಮಪತ್ರ ಹಾಕಿದ ಹುಡುಗನ ಮನೆಗೆ ನಾಲ್ಕು ಜನ ಹೋಗುತ್ತಾರೆ. ಅವನ ಅಪ್ಪನ ಸಾಲ, ತೋಟಕ್ಕೆ ಹೋಗುವ ದಾರಿ, ಸುಗ್ಗಿಯಲ್ಲಿ ಸಿಗುವ ಮರ್ಯಾದೆ, ಎಲ್ಲವೂ ಮಾತಿಗೆ ಬರುತ್ತವೆ. ನಾಮಪತ್ರ ವಾಪಸಿನ ಗಡುವು ಮುಗಿಯುವಷ್ಟರಲ್ಲಿ ಚುನಾವಣೆಯೂ ಮುಗಿದಿರುತ್ತದೆ. ಆ ಸಲ ರಾಜ್ಯದಲ್ಲಿ 8,000ಕ್ಕೂ ಹೆಚ್ಚು ಸದಸ್ಯರು ಅವಿರೋಧವಾಗಿ ಆಯ್ಕೆಯಾದರು. ಕೆಲವು ಜಿಲ್ಲೆಗಳಲ್ಲಿ ಸ್ಥಾನಗಳನ್ನೇ ಹರಾಜಿಗಿಟ್ಟ ಸುದ್ದಿ ಬಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು.

ಇದನ್ನು ಏಕಪಕ್ಷದ ಸರ್ವಾಧಿಕಾರಿ ನಾಡುಗಳ ಚುನಾವಣೆಯ ಪಕ್ಕ ಇಡುವುದು ಅತಿಯಾಯಿತು ಅನ್ನಿಸಬಹುದು. ಒಂದು ಮಟ್ಟಿಗೆ ಅತಿಯೇ ಹೌದು. ಇಲ್ಲಿ ಹಟ ಹಿಡಿದು ನಿಂತವನನ್ನು ಯಾರೂ ಸೈಬೀರಿಯಾಕ್ಕೆ ಅಟ್ಟುವುದಿಲ್ಲ. ಐದು ವರ್ಷ ಬಿಟ್ಟು ಅವನು ಮತ್ತೆ ನಿಲ್ಲಬಹುದು. ಆದರೆ ಆಯ್ಕೆಯಿಲ್ಲದ ಚುನಾವಣೆಗಳ ಬಗ್ಗೆ ಅರ್ಧ ಶತಮಾನದಿಂದ ನಡೆದಿರುವ ಅಧ್ಯಯನವನ್ನು ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಿದ್ವಾಂಸರು ಬಹುಕಾಲ ದಿಟ್ಟಿಸಿದ್ದು ಮತಪೆಟ್ಟಿಗೆಯನ್ನು. ನಡೆಯಬೇಕಾದ್ದೆಲ್ಲ ಅದರ ಹೊರಗೇ ನಡೆದುಹೋಗಿತ್ತು.

ಅಧಿಕಾರವಿಲ್ಲದ ಪ್ರಾತಿನಿಧ್ಯ ನಮ್ಮ ಸೀಮೆಗೇನೂ ಹೊಸದಲ್ಲ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ ಬಂದ 144 ಜನ ಬಹುಪಾಲು ಜಮೀನುದಾರರು ಮತ್ತು ವರ್ತಕರು. ದಿವಾನರ ವರದಿ ಕೇಳುವುದು, ಅಹವಾಲು ಹೇಳುವುದು, ಊರಿಗೆ ಮರಳುವುದು, ಇಷ್ಟೇ ಕೆಲಸ. ಸಭೆಗೆ ಶಾಸನದ ಆಧಾರ ಸಿಕ್ಕಿದ್ದು 1923ರಲ್ಲಿ. ಅಂದಿನ ಮಂಜರಾಬಾದಿನ, ಅಂದರೆ ಇಂದಿನ ಸಕಲೇಶಪುರ ಸೀಮೆಯ, ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಹುಲಿ ಬೇಟೆ, ಕಾಫಿ ಗಿಡಗಳ ನಡುವೆ ಈ ಸಭೆಗೂ ಜಾಗ ಕೊಟ್ಟಿದ್ದಾನೆ. ಆ ಸಭೆಯನ್ನು ಸೋಗು ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಲ್ಲದ ಅಧಿಕಾರವನ್ನು ಇದೆಯೆಂದು ಅದು ಹೇಳಿಕೊಳ್ಳಲಿಲ್ಲ.

ಹೇಳಿಕೊಂಡದ್ದು ಸೋವಿಯತ್ ಒಕ್ಕೂಟ. 1936ರ ಸಂವಿಧಾನ ಸಾರ್ವತ್ರಿಕ, ಗುಪ್ತ ಮತದಾನದ ಭರವಸೆ ಕೊಟ್ಟಿತು. ಒಂದೇ ಸ್ಥಾನಕ್ಕೆ ಹಲವರು ಸ್ಪರ್ಧಿಸುವ ಮಾತೂ ಮೊದಲು ಇತ್ತೆಂದು ಇತಿಹಾಸಕಾರ ಆರ್ಚ್ ಗೆಟ್ಟಿ 1991ರಲ್ಲಿ ತೋರಿಸಿದರು. 1937ರ ಡಿಸೆಂಬರ್ 12ರ ಹೊತ್ತಿಗೆ ಆ ಮಾತು ಬಿದ್ದುಹೋಗಿ ಮತಪತ್ರದಲ್ಲಿ ಒಂದೇ ಹೆಸರು ಉಳಿಯಿತು. ಆ ಕಾಗದದ ಮೇಲೆ ಏನೂ ಬರೆಯದೆ ನೇರ ಪೆಟ್ಟಿಗೆಗೆ ಹಾಕಿದರೆ ಅದು ‘ಹೌದು’. ಹೆಸರು ಹೊಡೆದುಹಾಕಬೇಕಾದರೆ ಪರದೆಯ ಹಿಂದೆ ಹೋಗಬೇಕು. ಪರದೆ ಇತ್ತು, ಗುಟ್ಟು ಮಾತ್ರ ಇರಲಿಲ್ಲ; ಅತ್ತ ಹೆಜ್ಜೆ ಇಟ್ಟವನು ಯಾರೆಂದು ಎಲ್ಲರೂ ನೋಡುತ್ತಿದ್ದರು. 1984ರಲ್ಲಿ ಅಧಿಕೃತ ಮತದಾನ ಶೇ. 99.99.

ಇಂಥ ಅಂಕಿ ನೋಡಿ ಪಶ್ಚಿಮದ ಪಂಡಿತರು ‘ನಾಟಕ’ ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದ ಕಾಲವಿತ್ತು. ಮತ್ತೆ ತೆರೆದದ್ದು 1970ರ ದಶಕದಲ್ಲಿ. ವಿಕ್ಟರ್ ಜಾಸ್ಲಾವ್ಸ್ಕಿ ಮತ್ತು ರಾಬರ್ಟ್ ಬ್ರಿಮ್ 1978ರಲ್ಲಿ, ಥಿಯೊಡೋರ್ ಫ್ರೀಡ್‌ಗಟ್ 1979ರಲ್ಲಿ, ರಸ್ಮಾ ಕಾರ್ಕ್ಲಿನ್ಸ್ 1986ರಲ್ಲಿ ಪ್ರಶ್ನೆಯನ್ನೇ ಬದಲಾಯಿಸಿದರು: ಫಲಿತಾಂಶ ಗೊತ್ತಿದ್ದೂ ಇಷ್ಟೊಂದು ಖರ್ಚು, ಇಷ್ಟೊಂದು ಓಡಾಟ ಏಕೆ? ದೇಶ ಬಿಟ್ಟು ಬಂದವರನ್ನು ಕೇಳಿದಾಗ ಕಥೆಗಳು ಹೊರಬಿದ್ದವು. ಮತಗಟ್ಟೆಯ ಉಪಾಹಾರದ ಮೇಜಿನಲ್ಲಿ ಬೇರೆ ದಿನ ಸಿಗದ ಹಣ್ಣು, ಸಾಸೇಜು ಸಿಗುತ್ತಿತ್ತು. ಬೇರೆ ಊರಲ್ಲಿ ಮತ ಹಾಕುತ್ತೇನೆಂದು ಪ್ರಮಾಣಪತ್ರ ಪಡೆದು ಎಲ್ಲಿಯೂ ಹಾಕದೆ ತಪ್ಪಿಸಿಕೊಳ್ಳುವವರಿದ್ದರು. ಎಲ್ಲಕ್ಕಿಂತ ಸ್ವಾರಸ್ಯ ಇನ್ನೊಂದು: ಮನೆ ಮನೆಗೆ ಬರುವ ಪ್ರಚಾರಕನಿಗೆ, ಸೋರುವ ಸೂರು ಸರಿಮಾಡಿಸು, ಇಲ್ಲದಿದ್ದರೆ ಓಟಿಗೆ ಬರುವುದಿಲ್ಲ ಎಂದು ಜನ ಹೇಳುತ್ತಿದ್ದರು. ತನ್ನ ಬೀದಿಯಲ್ಲಿ ಒಬ್ಬ ಕಡಿಮೆಯಾದರೂ ಉತ್ತರ ಹೇಳಬೇಕಾದವನು ಆ ಪ್ರಚಾರಕ. ಹಾಗಾಗಿ ಸೂರು ರಿಪೇರಿಯಾಗುತ್ತಿತ್ತು.

ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಕಾಟಕ್ಕೆ, ಮಳೆಗಾಲದಲ್ಲಿ ಕೊಚ್ಚಿಹೋಗುವ ರಸ್ತೆಗೆ ರೋಸಿ ‘ಮತದಾನ ಬಹಿಷ್ಕಾರ’ ಎಂದು ಊರ ಬಾಗಿಲಿಗೆ ಬ್ಯಾನರ್ ಕಟ್ಟಿದರೆ, ವರ್ಷವಿಡೀ ಅರ್ಜಿ ಕೊಟ್ಟರೂ ಬಾರದ ಅಧಿಕಾರಿಗಳ ಜೀಪು ಗುಡ್ಡ ಹತ್ತಿ ಬರುತ್ತದೆ. ಯಾರು ಗೆಲ್ಲುತ್ತಾರೆ ಎನ್ನುವುದಕ್ಕಿಂತ ಎಷ್ಟು ಜನ ಬಂದರು ಎನ್ನುವುದೇ ತಲೆಬಿಸಿಯಾದ ಜೀವಗಳು ಎಲ್ಲ ವ್ಯವಸ್ಥೆಯಲ್ಲೂ ಇರುತ್ತವೆ. ಜನಕ್ಕೆ ಅದು ಗೊತ್ತು.

ಆಫ್ರಿಕಾ ಈ ಅಧ್ಯಯನಕ್ಕೆ ಬೇರೊಂದು ಸಿಕ್ಕು ತಂದಿತು. 1965ರಲ್ಲಿ ಜೂಲಿಯಸ್ ನೈರೇರೆಯ ಟಾಂಜಾನಿಯಾದಲ್ಲಿ ಪಕ್ಷ ಒಂದೇ, ಆದರೆ ಕ್ಷೇತ್ರಕ್ಕೆ ಅದೇ ಪಕ್ಷದ ಇಬ್ಬರು ಹುರಿಯಾಳುಗಳು. ಒಬ್ಬರಿಗೆ ಗುದ್ದಲಿಯ ಚಿಹ್ನೆ, ಇನ್ನೊಬ್ಬರಿಗೆ ಮನೆ. ಮಂತ್ರಿಗಳೂ ಸೋತರು! ಏಕಪಕ್ಷವೆಂದರೆ ಆಯ್ಕೆಯೇ ಇಲ್ಲ ಎಂದು ಗೆರೆ ಎಳೆದವರಿಗೆ ಇದು ಕಷ್ಟಕ್ಕಿಟ್ಟುಕೊಂಡಿತು. ಕೆನ್ಯಾ 1988ರಲ್ಲಿ ಉಲ್ಟಾ ದಾರಿ ಹಿಡಿದು, ಪಕ್ಷದೊಳಗಿನ ಆಯ್ಕೆಗೆ ಮತಪತ್ರವನ್ನೇ ಕೈಬಿಟ್ಟು ಅಭ್ಯರ್ಥಿಯ ಹಿಂದೆ ಸಾಲು ನಿಲ್ಲಿಸಿತು. ಚಿಕ್ಕ ಸಾಲಿನವರು ಗೆದ್ದರೆಂದು ಘೋಷಿಸಿದ್ದೂ ಉಂಟು, ಹಗಲು ಹೊತ್ತಿನಲ್ಲಿ, ಎಲ್ಲರೆದುರು.

2002ರ ಸುಮಾರಿಗೆ ಗಮನ ಪಕ್ಷಗಳಿದ್ದೂ ಪಂದ್ಯ ನ್ಯಾಯವಲ್ಲದ ದೇಶಗಳತ್ತ ತಿರುಗಿತು. ವಿದ್ವಾಂಸರಾದ ಸ್ಟೀವನ್ ಲೆವಿಟ್ಸ್ಕಿ, ಲೂಕನ್ ವೇ, ಆಂಡ್ರಿಯಾಸ್ ಶೆಡ್ಲರ್ ಹೆಸರು ಮಾಡಿದ್ದು ಈ ಘಟ್ಟದಲ್ಲಿ. ಮೆಕ್ಸಿಕೊದಲ್ಲಿ 2000ದವರೆಗೆ ಏಳು ದಶಕ ಆಳಿದ ಪಕ್ಷಕ್ಕೆ ಗೆದ್ದರೆ ಸಾಲುತ್ತಿರಲಿಲ್ಲ, ಭಾರಿ ಅಂತರದಿಂದ ಗೆಲ್ಲಬೇಕಿತ್ತು. ಒಡೆದು ಹೋಗಬೇಕೆಂದಿರುವ ಒಳಗಿನವರಿಗೆ ಅದೇ ಸಂದೇಶ ಎಂದು ಬಿಯಾಟ್ರಿಜ್ ಮಗಲೋನಿ 2006ರಲ್ಲಿ ವಾದಿಸಿದರು. ಆಮೇಲೆ ಗಣಿತದವರು ಬಂದರು. ರಷ್ಯಾದ ಫಲಿತಾಂಶಗಳಲ್ಲಿ ಶೇ. 75, 80, 85ರಂಥ ಗುಂಡು ಅಂಕಿಗಳಲ್ಲೇ ಮತಗಟ್ಟೆಗಳು ಗುಂಪುಗಟ್ಟಿರುವುದನ್ನು ನಕ್ಷೆ ಬರೆದು ತೋರಿಸಿದರು. ಚೆಂದದ ಕೆಲಸ. ಆದರೆ ಪೂರ್ವ ಜರ್ಮನಿಯ ಸಾಮಾನ್ಯರು ಅದನ್ನು 1989ರ ಮೇ ತಿಂಗಳಲ್ಲೇ ಪೆನ್ಸಿಲು ಹಿಡಿದು ಮಾಡಿದ್ದರು. ಸ್ಥಳೀಯ ಚುನಾವಣೆಯ ಎಣಿಕೆಯ ಹೊತ್ತಿಗೆ ಮತಗಟ್ಟೆಯಲ್ಲಿ ನಿಂತು ‘ಇಲ್ಲ’ ಮತಗಳನ್ನು ಬರೆದುಕೊಂಡರು. ಸರ್ಕಾರ ಶೇ. 98.85 ಎಂದು ಘೋಷಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ಆ ಸಿಟ್ಟು ಶರತ್ಕಾಲದವರೆಗೂ ಆರಲಿಲ್ಲ. ನವೆಂಬರಿನಲ್ಲಿ ಗೋಡೆ ಬಿತ್ತು.

ಈ ಎಲ್ಲ ಉಪಾಯಕ್ಕೂ ಎಣಿಸಲು ಮತಗಳಾದರೂ ಬೇಕು. ಅವಿರೋಧ ವಾರ್ಡಿನಲ್ಲಿ ಅವೂ ಇರುವುದಿಲ್ಲ. 2018ರ ಪಶ್ಚಿಮ ಬಂಗಾಳದ ಪಂಚಾಯಿತಿ ಚುನಾವಣೆಯಲ್ಲಿ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 20,000 ಸ್ಥಾನಗಳಿಗೆ ಸ್ಪರ್ಧೆಯೇ ನಡೆಯಲಿಲ್ಲ. ನಾಮಪತ್ರ ಹಾಕಲು ಬಿಡಲಿಲ್ಲವೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋದರೂ ಫಲಿತಾಂಶ ರದ್ದಾಗಲಿಲ್ಲ. 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಮತದಾರನಿಗೆ ನೋಟಾ ಒತ್ತುವ ಅವಕಾಶವೂ ಸಿಗಲಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 53(2)ನೇ ಕಲಮಿನ ಪ್ರಕಾರ ಒಬ್ಬನೇ ಉಳಿದರೆ ಅವನೇ ಆಯ್ಕೆ. ಗುಜರಾತ್ ಸರ್ಕಾರವಂತೂ 2001ರಿಂದ ‘ಸಮರಸ’ ಯೋಜನೆಯಲ್ಲಿ ಸರ್ವಾನುಮತದ ಪಂಚಾಯಿತಿಗೆ ಇನಾಮು ಕೊಡುತ್ತ ಬಂದಿದೆ.

ಜಗಳವಿಲ್ಲದ ಊರು ಎಲ್ಲರಿಗೂ ಬೇಕು. ಆದರೆ ಒಮ್ಮತ ಯಾರ ಮನೆಯಲ್ಲಿ ಕೂತು ಆಯಿತು ಎಂಬುದನ್ನು ಕೇಳದೆ ಇನಾಮು ಹಂಚುವುದು ನನಗೆ ಒಪ್ಪಿತವಲ್ಲ. ಕಾಫಿ ಸೀಮೆಯಲ್ಲಿ ಈ ಪ್ರಶ್ನೆ ಇನ್ನೂ ಮೊನಚು. ಮೀಸಲು ವಾರ್ಡಿನ ಅಭ್ಯರ್ಥಿ ಲೈನ್ ಮನೆಯ ಹೆಂಗಸಾದರೆ, ಆಕೆಗೆ ಕೂಲಿ, ಸೂರು, ಕಷ್ಟಕಾಲದ ಮುಂಗಡ ಮೂರನ್ನೂ ಕೊಡುವ ಸಾಹುಕಾರರೇ ಒಮ್ಮತದ ಸಭೆಯಲ್ಲಿ ಮುಂದೆ ಕೂತಿರುವುದುಂಟು. ವಾಪಸು ಪಡೆದ ನಾಮಪತ್ರಗಳ ಪಟ್ಟಿ ಚುನಾವಣಾಧಿಕಾರಿಯ ಕಚೇರಿಯ ಗೋಡೆಗೆ ಅಂಟುತ್ತದೆ. ಮುಂದಿನ ಸಂಶೋಧಕರು ಅಲ್ಲಿಂದ ಶುರು ಮಾಡಿ, ಯಾರು ಯಾರ ತೋಟದಲ್ಲಿ ಕೆಲಸ ಮಾಡುತ್ತಿದ್ದರು ಎಂದು ವಿಚಾರಿಸಿದರೆ ರಷ್ಯಾದ ನಕ್ಷೆಗಳಿಗಿಂತ ಹೆಚ್ಚು ತಿಳಿದೀತು.

ಇನ್ನು ಗ್ರಾಮ ಪಂಚಾಯಿತಿಯಿಂದ ಮೇಲಿನ ಹಂತದ ಮಾತು. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಆ ಸದಸ್ಯರ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು ಎಂದು ವರ್ಷಗಳು ಉರುಳಿದವು, ಆಡಳಿತಾಧಿಕಾರಿಗಳು ಬಂದು ಕೂತರು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಮತ ಹಾಕಿಸಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯವಿದು. ನಡೆಯದೇ ಉಳಿದ ಚುನಾವಣೆ ಅವಿರೋಧ ಆಯ್ಕೆಯ ಪಟ್ಟಿಗೂ ಸೇರುವುದಿಲ್ಲ, ಅಕ್ರಮ ಪತ್ತೆಹಚ್ಚುವ ಗಣಿತದವರ ನಕ್ಷೆಗೂ ಸಿಗುವುದಿಲ್ಲ.