ಪ್ಯಾರಿಸಿನ ಪುರಭವನ ಮತ್ತು ಸುಟ್ಟುಹೋದ ಜನನ ಪುಸ್ತಕಗಳು

ಪ್ಯಾರಿಸ್ ನಗರದ ಪುರಭವನಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಓತೆಲ್ ದ ವೀಲ್’ ಎಂದು ಹೆಸರು. ಹೋಟೆಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರಿಗೆ ಕಾಫಿ ತಿಂಡಿಯ ನೆನಪಾಗುವುದು ಸಹಜ. ನಮ್ಮ ಪ್ರವಾಸ ತಂಡದ ಹಿರಿಯರೊಬ್ಬರು ಅಲ್ಲಿ ಸಸ್ಯಾಹಾರವೂ ದೊರೆಯುವುದೇ ಎಂದು ಕೇಳಿದ್ದುಂಟು. ಆದರೆ ಆ ಪದಕ್ಕೆ ದೊಡ್ಡ ಮನೆ, ಸೌಧ ಎಂಬ ಹಳೆಯ ಅರ್ಥವಿದೆ. ಊರಿನ ದೊಡ್ಡ ಮನೆ ಎಂಬುದೇ ಆ ಹೆಸರಿನ ತಿರುಳು. ಸೇನ್ ನದಿಯ ಬಲದಂಡೆಯಲ್ಲಿ ನಿಂತಿರುವ ಈ ಸೌಧದ ನೆಲದಲ್ಲಿಯೇ 1357ರಿಂದ ಆ ನಗರದ ಆಡಳಿತ ನಡೆದುಬಂದಿದೆ.

ಎದುರಿನ ವಿಶಾಲವಾದ ಚೌಕ ಮೊದಲು ನದಿಯ ಮರಳುದಂಡೆಯಾಗಿತ್ತು. ಅದರ ಹಳೆಯ ಹೆಸರಾದ ‘ಗ್ರೇವ್’ ಎಂಬುದಕ್ಕೂ ಅದೇ ಅರ್ಥ. ಸರಕಿನ ದೋಣಿಗಳು ಅಲ್ಲಿ ತಂಗುತ್ತಿದ್ದುವು. ಕೂಲಿ ಅರಸುವವರು ಅಲ್ಲಿ ಬಂದು ನಿಲ್ಲುತ್ತಿದ್ದರು. ಇಂದಿಗೂ ಫ್ರೆಂಚರು ಮುಷ್ಕರವನ್ನು ‘ಗ್ರೇವ್’ ಎಂದೇ ಕರೆಯುತ್ತಾರೆ. ಆ ಮಾತು ಹುಟ್ಟಿದ್ದು ಈ ಚೌಕದಲ್ಲಿ. ಮರಣದಂಡನೆಗಳು ನಡೆಯುತ್ತಿದ್ದುದೂ ಇಲ್ಲಿಯೇ. ಗಿಲೊಟಿನ್ ಎಂಬ ಶಿರಚ್ಛೇದನ ಯಂತ್ರವನ್ನು 1792ರ ಏಪ್ರಿಲ್ 25ರಂದು ಮೊತ್ತಮೊದಲಿಗೆ ಪ್ರಯೋಗಿಸಿದ್ದು ಇದೇ ಜಾಗದಲ್ಲಿ. ಈಗ ಅಲ್ಲಿ ಮಕ್ಕಳು ಪಾರಿವಾಳಗಳನ್ನು ಅಟ್ಟಿಕೊಂಡು ಓಡುತ್ತಾರೆ.

ಈ ಸ್ಥಳವನ್ನು ನಗರಕ್ಕಾಗಿ ಕೊಂಡವನು ಎತಿಯೆನ್ ಮಾರ್ಸೆಲ್ ಎಂಬ ಬಟ್ಟೆಯ ವ್ಯಾಪಾರಿ. ವರ್ತಕರ ಮುಖ್ಯಸ್ಥ ಎಂಬುದು ಅವನ ಪದವಿ. ನಮ್ಮ ಶಾಸನಗಳಲ್ಲಿ ಬರುವ ಪಟ್ಟಣಸ್ವಾಮಿಯನ್ನು ನೆನಪಿಗೆ ತರುವಂಥದು. ನದಿಯ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ವರ್ತಕರ ಸಂಘವೇ ಬೆಳೆದು ನಗರಾಡಳಿತವಾಯಿತು. ಆದುದರಿಂದಲೇ ಪ್ಯಾರಿಸಿನ ಲಾಂಛನದಲ್ಲಿ ಇಂದಿಗೂ ಹಡಗಿದೆ. ಅರಸೊತ್ತಿಗೆಯನ್ನು ಎದುರಿಸಿ ನಿಂತ ಮಾರ್ಸೆಲ್ ಮರುವರ್ಷವೇ ಕೊಲೆಯಾದನು. ಕುದುರೆಯೇರಿದ ಅವನ ಪ್ರತಿಮೆ ಭವನದ ಪಕ್ಕದ ತೋಟದಲ್ಲಿ ನದಿಗೆ ಅಭಿಮುಖವಾಗಿ ನಿಂತಿದೆ. ಅವನು ಕೊಂಡ ಕಂಬಗಳ ಮನೆ ಶಿಥಿಲವಾದ ಮೇಲೆ ಒಂದನೆಯ ಫ್ರಾನ್ಸಿಸ್ ದೊರೆಯು 1533ರಲ್ಲಿ ಹೊಸ ಭವನಕ್ಕೆ ಅಡಿಗಲ್ಲು ಹಾಕಿಸಿದನು. ಕೆಲಸ ಮುಗಿದದ್ದು 1628ರಲ್ಲಿ! ಸರ್ಕಾರಿ ಕಟ್ಟಡಗಳ ಕಾಮಗಾರಿ ನಮ್ಮಲ್ಲಿ ಮಾತ್ರ ನಿಧಾನವೆಂದು ತಿಳಿದವರು ಇದನ್ನು ಗಮನಿಸಬೇಕು.

ಬಾಸ್ತೀಯ್ ಕೋಟೆ ಬಿದ್ದ ಮೂರು ದಿನಗಳ ತರುವಾಯ, 1789ರ ಜುಲೈ 17ರಂದು, ಹದಿನಾರನೆಯ ಲೂಯಿ ಇಲ್ಲಿಗೆ ಬಂದು ಕ್ರಾಂತಿಕಾರರ ಬಣ್ಣದ ಪಟ್ಟಿಯ ಗುಚ್ಛವನ್ನು ತನ್ನ ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳಬೇಕಾಯಿತು. ನೀಲಿ ಮತ್ತು ಕೆಂಪು ನಗರದ ಬಣ್ಣಗಳು; ನಡುವೆ ಅರಸರ ಬಿಳಿ ಸೇರಿ ಇಂದಿನ ತ್ರಿವರ್ಣವಾಯಿತು. ಐದು ವರ್ಷಗಳ ಬಳಿಕ ಕ್ರಾಂತಿಯ ನಾಯಕನಾದ ರೊಬೆಸ್ಪಿಯರ್ ಸೆರೆಸಿಕ್ಕಿದ್ದೂ ಇದೇ ಕಟ್ಟಡದೊಳಗೆ. 1830, 1848, 1870, ಫ್ರಾನ್ಸಿನಲ್ಲಿ ಆಳುವವರು ಬದಲಾದಾಗಲೆಲ್ಲ ಜನರು ಇಲ್ಲಿಗೇ ಓಡಿಬಂದರು. ಅರಮನೆಯನ್ನು ಗೆದ್ದರೆ ಸಾಲದು, ಊರಿನ ದೊಡ್ಡ ಮನೆಯಲ್ಲಿ ಘೋಷಿಸಬೇಕು ಎಂಬ ಭಾವನೆ ಅವರಲ್ಲಿ ಬೇರೂರಿತ್ತು.

1871ರಲ್ಲಿ ಆ ಮನೆಯೇ ಉರಿದುಹೋಯಿತು. ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಸೋತಿದ್ದ ದೇಶದಲ್ಲಿ ಪ್ಯಾರಿಸಿನ ಜನರು ಸರ್ಕಾರದ ವಿರುದ್ಧ ಎದ್ದು, ಮಾರ್ಚ್ 28ರಂದು ಈ ಚೌಕದಲ್ಲಿ ತಮ್ಮದೇ ಆದ ‘ಕಮ್ಯೂನ್’ ಆಡಳಿತವನ್ನು ಘೋಷಿಸಿದರು. ಮೇ 21ರಂದು ಸರ್ಕಾರದ ಸೇನೆ ನಗರವನ್ನು ಹೊಕ್ಕಿತು. ಹಿಮ್ಮೆಟ್ಟುತ್ತಿದ್ದ ಕಮ್ಯೂನಿನವರು 24ರಂದು ಪುರಭವನಕ್ಕೆ ಬೆಂಕಿಯಿಟ್ಟರು. ಆ ವಾರದಲ್ಲಿ ಸೇನೆಯು ಸಾವಿರಾರು ಜನರನ್ನು ನಿರ್ದಯವಾಗಿ ಕೊಂದಿತು. ಅದರ ಮುಂದೆ ಕಟ್ಟಡದ ಮಾತು ಸಣ್ಣದು ಎನ್ನುವವರಿದ್ದಾರೆ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂದು ಸುಟ್ಟದ್ದು ಕಟ್ಟಡವೊಂದೇ ಅಲ್ಲ.

ಕಟ್ಟಡವೇನೋ ಮತ್ತೆ ಎದ್ದಿತು. ಬಲ್ಲು ಮತ್ತು ದೆಪೆರ್ತ್ ಎಂಬ ವಾಸ್ತುಶಿಲ್ಪಿಗಳು ಮುಂಭಾಗವನ್ನು ಹಳೆಯ ಶೈಲಿಯಲ್ಲಿಯೇ ಕಟ್ಟಿಸಿ, 1882ರಲ್ಲಿ ಅದರ ಉದ್ಘಾಟನೆಯಾಯಿತು. ನಾವು ಇಂದು ನೋಡುವುದು ಅದನ್ನೇ. ಗೋಡೆಯ ತುಂಬ ಪ್ಯಾರಿಸಿನ ಗಣ್ಯರ ಪ್ರತಿಮೆಗಳು. ಗಣಿತಜ್ಞ ದಾಲಂಬೆರ್‌ನ ಪ್ರತಿಮೆ ಪ್ರಸಿದ್ಧ ಶಿಲ್ಪಿ ರೋದಾಂನ ಕೈಯದು. ಒಳಗೆ ಸ್ಫಟಿಕದ ತೂಗುದೀಪಗಳು, ಚಿತ್ರಗಳಿಂದ ತುಂಬಿದ ಮಾಳಿಗೆಗಳು. ಒಂದು ವಿಚಿತ್ರವೆಂದರೆ, ಇಷ್ಟೆಲ್ಲ ವೈಭವದಿಂದ ಕಟ್ಟಿದ ಭವನದಲ್ಲಿ 95 ವರ್ಷಗಳ ಕಾಲ ಮೇಯರ್ ಇರಲಿಲ್ಲ. ಪ್ಯಾರಿಸಿನ ಜನರಿಗೆ ಹೆದರಿದ ಸರ್ಕಾರವು ತಾನೇ ನೇಮಿಸಿದ ಅಧಿಕಾರಿಯ ಮೂಲಕ ನಗರವನ್ನು ಆಳಿತು. ಜಾಕ್ ಶಿರಾಕ್ ಮೇಯರ್ ಆಗಿ ಆಯ್ಕೆಯಾದದ್ದು 1977ರಲ್ಲಿ.

ಕಲ್ಲನ್ನು ಮತ್ತೆ ಜೋಡಿಸಬಹುದು, ಕಾಗದವನ್ನು? 16ನೆಯ ಶತಮಾನದಿಂದ 1859ರವರೆಗಿನ ಪ್ಯಾರಿಸ್ ನಿವಾಸಿಗಳ ಜನನ, ಮದುವೆ, ಮರಣಗಳ ಪುಸ್ತಕಗಳು ಪುರಭವನಕ್ಕೆ ಸೇರಿದ ಕಟ್ಟಡದಲ್ಲಿದ್ದುವು. ಒಂದು ನಾಶವಾದರೆ ಇನ್ನೊಂದಿರಲಿ ಎಂಬ ಮುಂದಾಲೋಚನೆಯಿಂದ ಎರಡನೆಯ ಪ್ರತಿಯನ್ನು ನದಿಯ ನಡುಗಡ್ಡೆಯ ನ್ಯಾಯಾಲಯದಲ್ಲಿ ಇರಿಸಿದ್ದರು. ಅದೇ ಮೇ 24ರಂದು ಅದಕ್ಕೂ ಬೆಂಕಿ ಬಿತ್ತು. ಸುಮಾರು 80 ಲಕ್ಷ ದಾಖಲೆಗಳು ಎರಡೂ ಕಡೆ ಬೂದಿಯಾದುವು. ರಾಜರ ಹುಟ್ಟುಸಾವುಗಳನ್ನು ನೂರು ಪುಸ್ತಕಗಳು ಹೇಳುತ್ತವೆ. ಅಗಸಗಿತ್ತಿಯ ಮಗ ಹುಟ್ಟಿದನೆಂಬುದಕ್ಕೆ ಆ ಒಂದು ಸಾಲಲ್ಲದೆ ಬೇರೆ ಸಾಕ್ಷಿಯಿಲ್ಲ. ಜನರ ಹೆಸರಿನಲ್ಲಿ ಎದ್ದವರ ಬೆಂಕಿಗೆ ಹೆಚ್ಚು ಆಹುತಿಯಾದದ್ದು ಜನರ ಹೆಸರುಗಳೇ.

ಶಾಲೆಯ ಪ್ರವೇಶ ಪುಸ್ತಕವನ್ನು ದೀರ್ಘಕಾಲ ಕಾಯ್ದ ನಮಗೆ ಈ ಸಂಗತಿ ತುಂಬ ತಟ್ಟಿತು. ಎಂದೋ ಶಾಲೆ ಬಿಟ್ಟವರು ಅರುವತ್ತರ ವಯಸ್ಸಿನಲ್ಲಿ ಪಿಂಚಣಿಗಾಗಿ ಜನ್ಮದಿನಾಂಕದ ಪ್ರಮಾಣಪತ್ರ ಕೇಳಿಕೊಂಡು ಬರುತ್ತಿದ್ದರು. ಗೆದ್ದಲು ತಿಂದ ಹಾಳೆಯಲ್ಲಿ ಅವರ ಹೆಸರು ಸಿಕ್ಕಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ನೆಮ್ಮದಿಯನ್ನು ನಾವು ಬಲ್ಲೆವು. ಗಡಿನಾಡಿನ ನಮ್ಮ ಮನೆಗಳಲ್ಲಿಯೂ ಕಚೇರಿಯ ಭಾಷೆ ಬದಲಾದ ಮೇಲೆ ಕನ್ನಡದ ಹಳೆಯ ದಸ್ತಾವೇಜುಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟವರಿದ್ದಾರೆ. ಓದಲು ಬಾರದೆಂದು ಒಲೆಗೆ ಹಾಕಿದವರೂ ಇದ್ದಾರೆ.

ಪ್ಯಾರಿಸಿನಲ್ಲಿ ಪೆಟ್ಟಿಗೆಗಳು ಕೆಲಸಕ್ಕೆ ಬಂದುವು. 1872ರ ಫೆಬ್ರವರಿ 12ರ ಕಾನೂನಿನಂತೆ ಆಯೋಗವೊಂದನ್ನು ನೇಮಿಸಿ, ಯಾರ ಬಳಿ ಯಾವ ನಕಲು ಇದೆಯೋ ಅದನ್ನು ತರಬೇಕೆಂದು ಜನರನ್ನು ಕೇಳಲಾಯಿತು. ಮದುವೆಗಾಗಿಯೋ ಆಸ್ತಿಯ ಪಾಲಿಗಾಗಿಯೋ ಹಿಂದೆ ಪಡೆದಿದ್ದ ಪ್ರತಿಗಳು ಮನೆಮನೆಗಳಿಂದ ಬಂದುವು. ಪತ್ರ ನೋಂದಾಯಿಸುವ ನೋಟರಿಗಳ ಕಡತಗಳನ್ನೂ ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕಗಳನ್ನೂ ಹುಡುಕಲಾಯಿತು. ಒಂದೊಂದನ್ನೇ ಪರಿಶೀಲಿಸಿ, ಹಾಳೆ ಹಾಳೆಯಾಗಿ ಬರೆದು, ಗುಮಾಸ್ತರು 1897ರವರೆಗೆ ಈ ಕೆಲಸ ಮಾಡಿದರು. ಕಟ್ಟಡ ಎದ್ದು ನಿಂತು ಹದಿನೈದು ವರ್ಷ ಕಳೆದರೂ ಕಾಗದದ ಕೆಲಸ ನಡೆದೇ ಇತ್ತು. ಕೊನೆಗೆ ಕೈಗೆ ಬಂದದ್ದು ಮೂರರಲ್ಲಿ ಒಂದು ಪಾಲು ಮಾತ್ರ.

ಆ ಹಾಳೆಗಳು ಈಗ ಪುರಭವನದಲ್ಲಿಲ್ಲ. ನಗರದ ಈಶಾನ್ಯದ ಅಂಚಿನಲ್ಲಿರುವ ಪತ್ರಾಗಾರದಲ್ಲಿವೆ. ತಮ್ಮ ಮುತ್ತಜ್ಜನ ಹೆಸರನ್ನು ಹುಡುಕುವವರು ಇಂದಿಗೂ ಅವನ್ನು ತೆರೆಯುತ್ತಾರೆ. ಅಲ್ಲಿಗೂ ಹೋಗಬೇಕೆಂಬ ಆಸೆ ನಮಗಿತ್ತು. ತಂಡದ ಬಸ್ಸು ಸಂಜೆ ಐದಕ್ಕೆ ಹೊರಡುವುದಿದ್ದುದರಿಂದ ಸಾಧ್ಯವಾಗಲಿಲ್ಲ.